ಮರ್ಸಿಡಿಸ್‌ಗೆ 1,800, ಇನ್ನೋವಾಗೆ 2,400

1962ರ ಆದಾಯ ತೆರಿಗೆ ನಿಯಮಾವಳಿಯ 3ನೇ ನಿಯಮವನ್ನು ಓದಿದವರು ಕಡಿಮೆ. ಓದಿದವರಿಗೆ ಅದನ್ನು ಬದಿಗಿಡಲು ಮನಸ್ಸಾಗುವುದಿಲ್ಲ. ಕಂಪನಿಯ ಖರ್ಚಿನಲ್ಲಿ ಓಡುವ ಕಾರನ್ನು ಆಫೀಸಿಗೂ ಮನೆಗೂ ಬಳಸುವ ನೌಕರನಿಗೆ ಸಿಕ್ಕ ಸವಲತ್ತಿನ ಬೆಲೆಯನ್ನು ಅದು ಕಟ್ಟುತ್ತಿದ್ದ ರೀತಿಯೇ ಬೇರೆ. 2025–26ರವರೆಗೆ, ಎಂಜಿನ್ 1.6 ಲೀಟರ್ ಮೀರದಿದ್ದರೆ ತಿಂಗಳಿಗೆ 1,800 ರೂಪಾಯಿ, ಮೀರಿದರೆ 2,400, ಡ್ರೈವರ್ ಇದ್ದರೆ ಇನ್ನೊಂದು 900. ಕಾರಿನ ಬೆಲೆಯ ಮಾತೇ ಇರಲಿಲ್ಲ. ಹಾಗಾಗಿ 1.3 ಲೀಟರ್ ಟರ್ಬೊ ಎಂಜಿನ್ನಿನ ಮರ್ಸಿಡಿಸ್ ಎ-ಕ್ಲಾಸ್‌ನಲ್ಲಿ ಬರುವ ಉಪಾಧ್ಯಕ್ಷರು ಸಣ್ಣ ಕಾರಿನವರು, 2.4 ಲೀಟರ್ ಡೀಸೆಲ್ ಇನ್ನೋವಾ ಕ್ರಿಸ್ಟಾದಲ್ಲಿ ಊರೂರು ಸುತ್ತುವ ಸೇಲ್ಸ್ ಮ್ಯಾನೇಜರ್ ದೊಡ್ಡ ಕಾರಿನವರು. ಮೂರು ಸಿಲಿಂಡರಿನ, 1.5 ಲೀಟರಿನ ಬಿಎಂಡಬ್ಲ್ಯು ಎಕ್ಸ್1 ಕೂಡ ಸಣ್ಣದರ ಸಾಲಿಗೇ. ಬ್ಯಾಟರಿ ಕಾರಿನದು ಇನ್ನೂ ಮಜಾ. ಸಿಲಿಂಡರೇ ಇಲ್ಲದ ಮೇಲೆ ಸಿ.ಸಿ. ಎಲ್ಲಿಂದ ತರುವುದು? ಸೊನ್ನೆಯೂ 1.6ಕ್ಕಿಂತ ಕಡಿಮೆಯೇ ಎಂದುಕೊಂಡು ಅದನ್ನೂ 1,800ರ ಲೆಕ್ಕಕ್ಕೆ ಹಾಕುವುದು ರೂಢಿಯಾಗಿತ್ತು. 2005ರಲ್ಲಿ ಬಂದ ಫ್ರಿಂಜ್ ಬೆನಿಫಿಟ್ ತೆರಿಗೆ ಈ ಸವಲತ್ತಿನ ತೆರಿಗೆಯ ಹೊರೆಯನ್ನು ಕಂಪನಿಗಳ ಮೇಲೆ ಹಾಕಿತ್ತು. 2009ರಲ್ಲಿ ಅಂದಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಅದನ್ನು ಕೈಬಿಟ್ಟಾಗ ಈ ಅಂಕಿಗಳು ನಿಗದಿಯಾದವು. 2025–26ರ ಸಂಬಳದವರೆಗೂ ಅವು ಕದಲಲಿಲ್ಲ.

ಇದರಿಂದ ನೌಕರನಿಗೆ ಲಾಭವಿಲ್ಲವೆಂದಲ್ಲ. ಆದರೆ ಲಾಭ ಕಾರು ದುಬಾರಿಯಾದಷ್ಟೂ ಉಬ್ಬುವುದರಿಂದ, ಕೈಗೆಟುಕದ ಕಾರು ಕೈಗೆಟುಕಿದಂತೆ ಕಾಣುತ್ತದೆ. ಕಂಪನಿ ಕಾರನ್ನು ಲೀಸಿಗೆ ಪಡೆದು ಕೊಟ್ಟು, ನೌಕರನ ಸಂಬಳದಿಂದ ಲೀಸ್ ಬಾಡಿಗೆ, ಪೆಟ್ರೋಲು ಸೇರಿ ತಿಂಗಳಿಗೆ 40,000 ಕಳೆಯುತ್ತಾರೆ ಎನ್ನಿ. ಆ ಅಂಕಿಗಳ ಪ್ರಕಾರ ವರ್ಷದ 4.8 ಲಕ್ಷದಲ್ಲಿ ತೆರಿಗೆಗೆ ಒಳಪಡುತ್ತಿದ್ದುದು 21,600 ಮಾತ್ರ. ಸೆಸ್ ಸೇರಿ ಶೇ 31.2ರಷ್ಟು ತೆರಿಗೆ ಕಟ್ಟುವವರಿಗೆ 1.43 ಲಕ್ಷ ಉಳಿತಾಯ. ಅದೇ 1.6 ಲೀಟರ್ ಒಳಗಿನ ಇನ್ನೂ ದುಬಾರಿ ಕಾರು ಆರಿಸಿ, ತಿಂಗಳಿಗೆ 60,000 ಆದರೆ? ಉಳಿತಾಯ 2.18 ಲಕ್ಷಕ್ಕೆ ಏರುತ್ತಿತ್ತು, ಎಚ್‌ಆರ್ ಕಳಿಸುವ ಎಕ್ಸೆಲ್ ಹಾಳೆಯಲ್ಲಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿದ್ದುದೂ ಅದೇ. 75,000 ಹೆಚ್ಚು ಉಳಿಸಲು 2.4 ಲಕ್ಷ ಹೆಚ್ಚು ಖರ್ಚಾಯಿತು ಎಂಬುದನ್ನು ಆ ಹಾಳೆ ಹೇಳುತ್ತಿರಲಿಲ್ಲ. ಬಾಡಿಗೆಯೊಳಗೆ ಲೀಸ್ ಕಂಪನಿಯ ಬಡ್ಡಿ, ಲಾಭ, ಜಿಎಸ್‌ಟಿ ಎಲ್ಲವೂ ಅಡಗಿವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40, ಬ್ಯಾಟರಿಯದಕ್ಕೆ ಶೇ 5. ಬಾಡಿಗೆಗೂ ಕಾರಿನದೇ ದರ. (ಜಿಎಸ್‌ಟಿಯವರು ಸಿ.ಸಿ. ಜೊತೆಗೆ ನಾಲ್ಕು ಮೀಟರ್ ಟೇಪನ್ನೂ ಹಿಡಿಯುತ್ತಾರೆ. ಆದಾಯ ತೆರಿಗೆಯವರ ಸಣ್ಣ ಕಾರು ಅವರಿಗೆ ದೊಡ್ಡದಾಗಬಹುದು.)

ಆಫೀಸಿನ ಓಡಾಟ ಎಷ್ಟು, ಮಕ್ಕಳನ್ನು ಶಾಲೆಗೆ ಬಿಟ್ಟದ್ದೆಷ್ಟು ಎಂದು ಲಾಗ್‌ಬುಕ್ ಬರೆಯುತ್ತ ಕೂರಬೇಕೇ, ಇಡಿಗಂಟು ಅಂಕಿಯೇ ವಾಸಿಯಲ್ಲವೇ ಎನ್ನುವವರ ಮಾತಿನಲ್ಲಿ ತೂಕವಿದೆ. ಕಿಲೋಮೀಟರ್ ಎಣಿಸುವ ದಾರಿ ಹಿಡಿದ ಬ್ರಿಟನ್ ಕಂಡದ್ದೂ ವಿಚಿತ್ರವೇ: ವರ್ಷಕ್ಕೆ 18,000 ಮೈಲಿ ಕೆಲಸಕ್ಕಾಗಿ ಓಡಿಸಿದರೆ ತೆರಿಗೆ ಇಳಿಯುತ್ತಿತ್ತು, ಅಂದರೆ ಸುಮ್ಮನೆ ಸುತ್ತಿದವನಿಗೂ ಬಹುಮಾನ. 2002ರ ಏಪ್ರಿಲ್‌ನಲ್ಲಿ ಅವರು ಅದನ್ನು ಬಿಟ್ಟು, ಕಾರಿನ ಪಟ್ಟಿ ಬೆಲೆಯ ಇಂತಿಷ್ಟು ಶೇಕಡಾ ಎಂದು, ಹೊಗೆಯ ಇಂಗಾಲದ ಪ್ರಮಾಣ ನೋಡಿ ನಿಗದಿಮಾಡಿದರು. 2025–26ರಲ್ಲಿ ಬ್ಯಾಟರಿ ಕಾರಿಗೆ ಶೇ 3, ಹೆಚ್ಚು ಹೊಗೆಯದಕ್ಕೆ ಶೇ 37. ಲಾಗ್‌ಬುಕ್ ಅಲ್ಲೂ ಬೇಕಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ವಿನಾಯಿತಿಯೂ ಹೋಯಿತು, ಇದೊಂದಾದರೂ ಇರಲಿ ಎಂಬ ಸಂಬಳದಾರರ ಸಂಕಟ ನ್ಯಾಯವೇ. ಆದರೆ ಬಾಡಿಗೆ ಮನೆಯಲ್ಲಿರುವ, ಬಸ್ಸಿನಲ್ಲಿ ಆಫೀಸಿಗೆ ಬರುವ ಅದೇ ಕಂಪನಿಯ ಗುಮಾಸ್ತನಿಗೆ ಈ ಸವಲತ್ತು ತಲುಪುವುದೇ ಇಲ್ಲ.

ಇನ್ನು ಕಂಪನಿಯೇ ಖರೀದಿಸಿದ ಕಾರು ಕೊನೆಗೆ ನೌಕರನ ಪಾಲಾಗುವಾಗಿನ ಲೆಕ್ಕ. ತುಂಬಿದ ಪ್ರತಿ ವರ್ಷಕ್ಕೆ, ಉಳಿದ ಮೌಲ್ಯದ ಮೇಲೆ ಶೇ 20 ಸವಕಳಿ ಕಳೆಯುತ್ತಾರೆ. 12 ಲಕ್ಷದ ಕಾರು ಮೂರು ವರ್ಷಕ್ಕೆ ಕಾಗದದ ಮೇಲೆ 6,14,400ಕ್ಕೆ ಇಳಿಯುತ್ತದೆ. ವಿಶ್ವಾಸಕ್ಕೆ 3 ಲಕ್ಷಕ್ಕೆ ಕೊಟ್ಟರೆ, ಉಳಿದ 3,14,400 ಆ ವರ್ಷದ ಸಂಬಳಕ್ಕೆ ಸೇರಿ 98,000 ರೂಪಾಯಿಯಷ್ಟು ತೆರಿಗೆ ಬೀಳುತ್ತದೆ. ಕೈಗೆ ದುಡ್ಡು ಬಂದಿರುವುದಿಲ್ಲ, ಕಾರು ಮಾತ್ರ ಬಂದಿರುತ್ತದೆ. ತೆರಿಗೆಯನ್ನು ಮಾತ್ರ ದುಡ್ಡಿನಲ್ಲೇ ಕಟ್ಟಬೇಕು.