‘ಶಿಮೊಗ’ ಫೈಲ್ ‘ಶಿವಮೊಗ್ಗ’ ಆಯ್ತು, ಹಳೇ ಲೆಕ್ಕ ಎಲ್ಲಿ ಹೋಯ್ತು? ಹೆಸರು ಬದಲಾದ ಫೈಲ್‌ನ ಜಾಡು ಹಿಡಿಯೋದು ಹೀಗೆ

ಶಿವಮೊಗ್ಗ: 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ‘ಶಿಮೊಗ’ ಅಧಿಕೃತವಾಗಿ ‘ಶಿವಮೊಗ್ಗ’ ಆಯ್ತು. ಕಚೇರಿ ಬೋರ್ಡು, ಲೆಟರ್ ಹೆಡ್, ಅಂಗಡಿಗಳ ಬಿಲ್ ಬುಕ್ ಒಂದೊಂದಾಗಿ ಬದಲಾದವು. ಆದ್ರೆ ಟೌನ್ ರೈಲ್ವೆ ಸ್ಟೇಷನ್ನಿನ ಕೋಡ್ ಇವತ್ತಿಗೂ ಎಸ್‌ಎಂಇಟಿ. ಗಾಡಿ ನಂಬರ್ ಕೆಎ 14, ಪಿನ್ ಕೋಡ್ 577201. ಹೆಸರು ಬದಲಾದ್ರೂ ಇವು ಅಲುಗಾಡಲಿಲ್ಲ. ಹಳೇ ಕಾಗದಕ್ಕೂ ಹೊಸ ಕಾಗದಕ್ಕೂ ನಂಟು ಉಳಿದಿದ್ದು ಇಂಥ ನಂಬರ್‌ಗಳಿಂದಲೇ.

ಕಂಪ್ಯೂಟರ್‌ನಲ್ಲಿರೋ ಫೈಲ್‌ಗಳ ವಿಚಾರ ಇಷ್ಟು ಸಲೀಸಲ್ಲ. ಅಲ್ಲಿ ಹೆಸರು ಬದಲಾಯಿಸೋಕೆ ಎರಡು ಸೆಕೆಂಡ್ ಸಾಕು. ಹಳೇ ಹೆಸರಿನ ಜೊತೆಗಿದ್ದ ಲೆಕ್ಕದ ಕೊಂಡಿ ಕಳಚೋಕೂ ಅಷ್ಟೇ ಹೊತ್ತು ಸಾಕು.

ಉದಾಹರಣೆಗೆ ಅಡಿಕೆ ಮಂಡಿಯೊಂದನ್ನು ತಗೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ದಿನದಿನದ ಧಾರಣೆ ಬರೆದಿಡೋ ಒಂದು ಫೈಲ್ ಇದೆ, ಹೆಸರು ‘ಶಿಮೊಗ ರೇಟ್’. ಯಜಮಾನರ ಮಗ ಇಂಜಿನಿಯರಿಂಗ್ ಓದೋ ಹುಡುಗ, ಅದನ್ನು ‘ಗಿಟ್’ ಅನ್ನೋ ಸಾಫ್ಟ್‌ವೇರ್‌ನಲ್ಲಿ ಇಟ್ಟಿದ್ದಾನೆ. ಒಂದು ದಿನ ಹೆಸರನ್ನು ‘ಶಿವಮೊಗ್ಗ ರೇಟ್’ ಅಂತ ತಿದ್ದಿದ. ಕೆಲವು ತಿಂಗಳಾದ ಮೇಲೆ ಬೆಳೆಗಾರರೊಬ್ಬರು ಬಂದು, ಹೋದ ವರ್ಷ ತಮ್ಮ ಮಾಲು ಬಂದ ದಿನದ ಧಾರಣೆಯನ್ನು ಆಮೇಲೆ ಯಾರೋ ತಿದ್ದಿದ್ದಾರೆ ಅಂತ ತಕರಾರು ತೆಗೀತಾರೆ. ಇತಿಹಾಸ ತೆಗೆದು ನೋಡಿದ್ರೆ, ಹೆಸರು ಬದಲಾದ ದಿನದಿಂದ ಈಚೆಗಿನದ್ದಷ್ಟೇ ಕಾಣ್ತಿದೆ. ಹಿಂದಿನದ್ದು ಇಲ್ಲ! ತಿದ್ದಿಲ್ಲ ಅಂತ ತೋರಿಸೋದಾದ್ರೂ ಹೇಗೆ?

ಏನಿದು ಗಿಟ್?

ಅಂಗಡಿಯವರಿಗೆ ದಿನವಹಿ ಗೊತ್ತು. ಬರೆದದ್ದನ್ನು ಅಳಿಸೋ ಹಾಗಿಲ್ಲ, ತಪ್ಪಾದ್ರೆ ಕೆಳಗೆ ಇನ್ನೊಂದು ನಮೂದು ಹಾಕಬೇಕು. ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ಮಾಡೋದೂ ಇದನ್ನೇ. ಯಾವ ಫೈಲ್‌ನಲ್ಲಿ ಯಾರು, ಯಾವತ್ತು, ಏನು ಬದಲಾಯಿಸಿದ್ರು ಅಂತ ಪ್ರತಿ ಸಲವೂ ಒಂದು ನಮೂದು. ಇದಕ್ಕೆ ‘ಕಮಿಟ್’ ಅಂತಾರೆ. ಇಂಥವುಗಳಲ್ಲಿ ಇವತ್ತು ಹೆಚ್ಚು ಬಳಕೆಯಲ್ಲಿರೋದು ಗಿಟ್. ಲಿನಕ್ಸ್ ಖ್ಯಾತಿಯ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆದದ್ದು 2005ರ ಏಪ್ರಿಲ್‌ನಲ್ಲಿ. ಮಲೆನಾಡಿನಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೆಲಸ ಮಾಡೋ ಹುಡುಗ ಹುಡುಗಿಯರಲ್ಲಿ ಇದನ್ನು ಮುಟ್ಟದವರು ಕಡಿಮೆ.

ಅಚ್ಚರಿ ಅಂದ್ರೆ, ಇಷ್ಟೆಲ್ಲ ಬರೆದಿಡೋ ಗಿಟ್ ‘ಈ ಫೈಲ್‌ನ ಹೆಸರು ಬದಲಾಯ್ತು’ ಅಂತ ಮಾತ್ರ ಎಲ್ಲೂ ಬರೆಯೋದಿಲ್ಲ. ಹೆಸರು ಬದಲಾಯಿಸೋಕೆ ‘ಗಿಟ್ ಎಂವಿ’ ಅನ್ನೋ ಆಜ್ಞೆಯೇನೋ ಇದೆ. ಆದ್ರೆ ಅದು ಮಾಡೋದು ಹಳೇ ಹೆಸರು ತೆಗೆದು ಹೊಸ ಹೆಸರು ಸೇರಿಸೋದನ್ನಷ್ಟೇ. ಮೌಸ್ ಒತ್ತಿ ಹೆಸರು ಬದಲಾಯಿಸಿ ಆಮೇಲೆ ಗಿಟ್‌ಗೆ ಸೇರಿಸಿದ್ರೂ ಫಲ ಒಂದೇ.

ಮತ್ತೆ ಗುರುತು ಹಿಡಿಯೋದು ಹೇಗೆ? ಒಳಗಿರೋ ಮಾಲು ನೋಡಿ. ಪ್ರತಿ ಫೈಲ್‌ನ ಒಳಗಿರೋದಕ್ಕೆ ಗಿಟ್ 40 ಅಕ್ಷರದ ಒಂದು ಗುರುತು ಕೊಟ್ಟಿರುತ್ತೆ, ಬೆರಳಚ್ಚು ಇದ್ದ ಹಾಗೆ. ಒಂದು ಕಮಿಟ್‌ನಲ್ಲಿ ಒಂದು ಫೈಲ್ ಮಾಯವಾಗಿ ಇನ್ನೊಂದು ಬಂದಿದ್ರೆ, ಎರಡರ ಬೆರಳಚ್ಚು ಒಂದೇನಾ ಅಂತ ನೋಡುತ್ತೆ. ಒಂದೇ ಆಗಿದ್ರೆ ಹೆಸರು ಮಾತ್ರ ಬದಲಾಗಿದೆ ಅಂತ ತೀರ್ಮಾನ. ಬೇರೆ ಇದ್ರೆ ಒಳಗಿನ ಸಾಲುಗಳನ್ನು ಹೋಲಿಸುತ್ತೆ. ಅರ್ಧದಷ್ಟು, ಅಂದ್ರೆ ಶೇ. 50 ಹೋಲಿಕೆ ಸಿಕ್ಕಿದ್ರೆ ಎರಡೂ ಒಂದೇ ಫೈಲ್. ಅದಕ್ಕಿಂತ ಕಡಿಮೆಯಾದ್ರೆ ಒಂದು ಸತ್ತಿತು, ಬೇರೊಂದು ಹುಟ್ಟಿತು ಅಂತ ಲೆಕ್ಕ. ಇದು ಮೊದಲೇ ಬರೆದಿಟ್ಟ ಉತ್ತರ ಅಲ್ಲ, ನೀವು ಕೇಳಿದಾಗ ಮಾಡೋ ಅಂದಾಜು.

ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ. ಊರಿನ ಹಳೇ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಇಲ್ಲಿ ಶುರುವಾದ ಕಾರ್ಖಾನೆಯ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಬಟ್ಟಿಯೂ ಇತ್ತು. ಮುಂದೆ ಅದು ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಆಯ್ತು. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ಸೈಲ್ ಅಧೀನಕ್ಕೆ ಹೋಯ್ತು, 1998ರಲ್ಲಿ ಸೈಲ್‌ನಲ್ಲೇ ವಿಲೀನ. ಜನರ ಬಾಯಲ್ಲಿ ಮಾತ್ರ ಈಗಲೂ ವಿಐಎಸ್‌ಎಲ್. ಬೋರ್ಡು ಇಷ್ಟು ಸಲ ಬದಲಾದ್ರೂ ಅದೇ ಕಾರ್ಖಾನೆ ಅಂತ ಜನ ಗುರುತಿಸಿದ್ದು ಒಳಗಿನದ್ದೆಲ್ಲ ಒಂದೇ ರಾತ್ರಿ ಬದಲಾಗಲಿಲ್ಲ ಅನ್ನೋ ಕಾರಣಕ್ಕೆ. ಬೋರ್ಡು, ಕುಲುಮೆ, ಕಾರ್ಮಿಕರು ಎಲ್ಲವೂ ಒಟ್ಟಿಗೇ ಬದಲಾಗಿದ್ರೆ?

ಮಂಡಿಯ ಹುಡುಗ ಎಡವಿದ್ದು ಇಲ್ಲೇ. ಫೈಲ್‌ನ ಪ್ರತಿ ಸಾಲಿನಲ್ಲೂ ತಾರೀಖು, ಮಾರುಕಟ್ಟೆಯ ಹೆಸರು, ನಮೂನೆ, ಧಾರಣೆ ಇರ್ತಿತ್ತು. ಫೈಲ್‌ನ ಹೆಸರು ಬದಲಾಯಿಸಿದವನು, ಹೇಗೂ ಕೂತಿದ್ದೀನಿ ಅಂತ ಒಳಗಿನ ಸಾಲುಗಳಲ್ಲೂ ‘ಶಿಮೊಗ’ ತೆಗೆದು ‘ಶಿವಮೊಗ್ಗ’ ಮಾಡಿ, ಎರಡನ್ನೂ ಒಂದೇ ಕಮಿಟ್‌ನಲ್ಲಿ ಹಾಕಿಬಿಟ್ಟ. ಧಾರಣೆ ಒಂದು ರೂಪಾಯಿಯೂ ಬದಲಾಗಿಲ್ಲ. ನೋಡೋ ಕಣ್ಣಿಗೆ ಅದೇ ಪಟ್ಟಿ. ಆದ್ರೆ ಗಿಟ್ ಹೋಲಿಸೋದು ಸಾಲುಗಳನ್ನು. ಸಾಲಿನಲ್ಲಿ ಒಂದು ಅಕ್ಷರ ಬೇರೆಯಾದ್ರೂ ಅದು ಬೇರೆ ಸಾಲು. ಎಲ್ಲಾ ಸಾಲೂ ಬದಲಾದ್ದರಿಂದ ಹೋಲಿಕೆ ಹೆಚ್ಚೂಕಡಿಮೆ ಸೊನ್ನೆಗೆ ಬಂತು. ಪಟ್ಟಿಗೆ ತೂಕದ ಹೊಸ ಕಾಲಂ ಸೇರಿಸಿದ್ರೂ ಇದೇ ಪಾಡು.

ಹಾಗಾಗಿ ಈ ಕೆಲಸ ಎರಡು ಕಂತಿನಲ್ಲಿ ಆಗಬೇಕು. ಮೊದಲು ಹೆಸರು ಮಾತ್ರ ಬದಲಾಯಿಸಿ ಒಂದು ಕಮಿಟ್. ಆಮೇಲೆ ಒಳಗಿನ ತಿದ್ದುಪಡಿಗೆ ಇನ್ನೊಂದು. ಹೀಗೆ ಮಾಡಿದ್ರೆ ‘ಗಿಟ್ ಲಾಗ್ --ಫಾಲೋ’ ಅಂತ ಕೊಟ್ಟು ಪಕ್ಕದಲ್ಲಿ ಹೊಸ ಹೆಸರು ಬರೆದರೆ ಸಾಕು, ಹಳೇ ಹೆಸರಿನ ಕಾಲದ ನಮೂದುಗಳೂ ಬರುತ್ತವೆ. ‘--ಫಾಲೋ’ ಬಿಟ್ರೆ ಗಿಟ್ ತಾನಾಗಿ ಹಿಂದಕ್ಕೆ ಹೋಗಲ್ಲ. ಇತಿಹಾಸವೇ ಅಳಿಸಿಹೋಯ್ತು ಅಂತ ಗಾಬರಿಯಾಗೋರಲ್ಲಿ ಹಲವರು ಇಷ್ಟನ್ನು ಮರೆತವರು. ಇದು ಒಂದು ಸಲಕ್ಕೆ ಒಂದೇ ಫೈಲ್‌ಗೆ ನಡೆಯುತ್ತೆ, ಇಡೀ ಫೋಲ್ಡರ್‌ಗೆ ಅಲ್ಲ.

ಎಕ್ಸೆಲ್ ಬಳಸೋ ಅಂಗಡಿಯವರು ಇನ್ನೊಂದು ಗಮನಿಸಿ. ಈಗಿನ ಎಕ್ಸೆಲ್ ಫೈಲ್ ಒಳಗೆ ಜಿಪ್ ಮಾಡಿದ ಗಂಟು. ಒಂದು ಮನೆಯ ಅಂಕಿ ತಿದ್ದಿದ್ರೂ ಗಂಟಿನ ಬಹುಭಾಗ ಬೇರೆಯೇ ಕಾಣಬಹುದು, ಹೋಲಿಕೆ ಕೈಕೊಡುತ್ತೆ. ಸಿಎಸ್‌ವಿ ಮಾದರಿಯಲ್ಲಿ ಉಳಿಸಿಕೊಳ್ಳೋದು ವಾಸಿ.

ಫೈಲ್‌ಗೆ ಕನ್ನಡದಲ್ಲೇ ಹೆಸರಿಟ್ಟವರಿಗೆ ಬೇರೆ ತಮಾಷೆ ಕಾದಿರುತ್ತೆ. ‘ಶಿವಮೊಗ್ಗ’ ಅನ್ನೋ ಹೆಸರನ್ನು ಗಿಟ್ ಪರದೆ ಮೇಲೆ \340\262\266 ಅಂತ ಶುರುಮಾಡಿ ಉದ್ದಕ್ಕೂ ಅಂಕಿಗಳಲ್ಲಿ ತೋರಿಸುತ್ತೆ. ಫೈಲ್ ಕೆಟ್ಟಿಲ್ಲ, ‘ಶ’ ಅಕ್ಷರವನ್ನು ಕಂಪ್ಯೂಟರ್ ಒಳಗೆ ಬರೆಯೋ ರೀತಿ ಅದು. ಸೆಟ್ಟಿಂಗ್‌ನಲ್ಲಿ ‘ಕೋರ್ ಕೋಟ್‌ಪಾತ್’ ಅನ್ನೋದನ್ನು ‘ಫಾಲ್ಸ್’ ಮಾಡಿದ್ರೆ ಕನ್ನಡ ಅಕ್ಷರ ಬರುತ್ತೆ.

ಎಲ್ಲಾ ಸಾಫ್ಟ್‌ವೇರ್ ಹೀಗೇ ಅಂತಲ್ಲ. ಹಳೇ ಸಿವಿಎಸ್‌ನಲ್ಲಿ ಹೆಸರು ಬದಲಾಯಿಸೋ ಸೌಲಭ್ಯವೇ ಇರಲಿಲ್ಲ. ಆಮೇಲೆ ಬಂದ ಸಬ್‌ವರ್ಷನ್, ಮರ್ಕ್ಯುರಿಯಲ್ ಇದು ಯಾವ ಫೈಲ್‌ನಿಂದ ಬಂತು ಅಂತ ಬರೆದಿಡುತ್ತವೆ. ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆ ಮ್ಯುಟೇಶನ್ ನಂಬರ್ ಇರುತ್ತಲ್ಲ, ಹಾಗೆ. ಜಮೀನು ಯಾರಿಂದ ಯಾರಿಗೆ ಬಂತು ಅಂತ ಅಂದಾಜು ಮಾಡಬೇಕಿಲ್ಲ. ಲೆಕ್ಕ ಇಡೋರಿಗೆ ಈ ಕ್ರಮವೇ ಹೆಚ್ಚು ಹಿಡಿಸಬಹುದು. ಆದ್ರೆ ಬದಲಾವಣೆಯನ್ನು ಸಾಫ್ಟ್‌ವೇರ್‌ಗೆ ತಿಳಿಸಿದ್ರೆ ಮಾತ್ರ ಅದು ದಾಖಲಾಗೋದು. ಖಾತೆ ಬದಲಾವಣೆಗೆ ಅರ್ಜಿಯನ್ನೇ ಹಾಕದೆ ತಾತನ ಹೆಸರಲ್ಲೇ ಉಳಿದ ಜಮೀನು ನಮ್ಮಲ್ಲೇನು ಕಮ್ಮಿಯೇ? ಯಾರೂ ಹೇಳದಿದ್ರೂ ಗಿಟ್ ಹುಡುಕೋಕೆ ನೋಡುತ್ತೆ, ಅದರ ಗಟ್ಟಿತನ ಅದು.

ಇನ್ನು ಮಂಡಿಯ ತಕರಾರು. ಎರಡನ್ನೂ ಒಟ್ಟಿಗೇ ಬದಲಾಯಿಸಿದ್ದರಿಂದ ಅಲ್ಲಿ ‘--ಫಾಲೋ’ ಕೂಡ ಅದೇ ದಿನಕ್ಕೆ ನಿಂತುಬಿಡುತ್ತೆ. ಆದ್ರೂ ಹಳೇ ಕಮಿಟ್‌ಗಳು ಎಲ್ಲೂ ಹೋಗಿಲ್ಲ. ‘ಗಿಟ್ ಲಾಗ್ -ಪಿ’ ಅಂತ ಬರೆದು, ಎರಡು ಅಡ್ಡಗೀಟು ಹಾಕಿ, ಮುಂದೆ ಹಳೇ ಹೆಸರನ್ನು ಇದ್ದಂತೆಯೇ ಕೊಟ್ರೆ ಬೆಳೆಗಾರರು ಕೇಳಿದ ದಿನದ ಧಾರಣೆ, ಅದನ್ನು ಬರೆದವರ ಹೆಸರು, ಗಂಟೆ ನಿಮಿಷದ ಸಮೇತ ಹೊರಗೆ ಬರುತ್ತೆ. ಅದಕ್ಕೆ ಹಳೇ ಹೆಸರು ಯಾರಿಗಾದ್ರೂ ನೆನಪಿರಬೇಕು. ಹುಡುಗ ಕೆಲಸಕ್ಕೆ ಅಂತ ಬೆಂಗಳೂರು ಸೇರಿದ ಮೇಲೂ ಸಿಗಬೇಕು ಅಂದ್ರೆ, ಹೆಸರು ಬದಲಾಯಿಸೋ ದಿನವೇ ಕಮಿಟ್‌ನ ಟಿಪ್ಪಣಿಯಲ್ಲಿ ‘ಹಿಂದಿನ ಹೆಸರು ಶಿಮೊಗ ರೇಟ್’ ಅಂತ ಒಂದು ಸಾಲು ಬರೆದಿಡೋದು ಒಳ್ಳೇದು.