ನಾಲ್ಕು ಸ್ಕ್ರೂಗಳ ಮೇಲೆ ನಿಂತ ನಾದ

ಸಿಕಂದರಾಬಾದಿನ ಒಂದು ಹಳೆಯ ಕಟ್ಟಡದ ಮೊದಲ ಮಹಡಿ. ಮೇ ತಿಂಗಳ ಮಧ್ಯಾಹ್ನ, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಮೇಜಿನ ಮೇಲೆ ಟವೆಲ್ ಹಾಸಿ ಅಕ್ಕನ ಮಗನ ಎಲೆಕ್ಟ್ರಿಕ್ ಗಿಟಾರನ್ನು ಬೋರಲು ಮಲಗಿಸಿದ್ದರು. ರಿಪೇರಿಯವರು ತಂತಿಗಳನ್ನು ಸಡಿಲಿಸಿ, ಬೆನ್ನಿನ ಉಕ್ಕಿನ ತಗಡಿನಲ್ಲಿದ್ದ ನಾಲ್ಕು ಸ್ಕ್ರೂ ಬಿಚ್ಚಿದರು. ಕತ್ತು ಇಡಿಯಾಗಿ ಕೈಗೆ ಬಂತು. ಅಕ್ಕನ ವೀಣೆಯನ್ನು ಮುಟ್ಟಲೂ ಹೆದರಿಕೊಂಡು ಬೆಳೆದ ನನಗೆ ಎದೆ ಧಸಕ್ಕೆಂದಿತು. ಅವರಿಗೆ ಅದು ದಿನದ ಕೆಲಸ. ಕತ್ತಿನ ಬುಡದಲ್ಲಿದ್ದ ನಟ್ಟನ್ನು ಕಾಲು ಸುತ್ತು ತಿರುಗಿಸಿದರು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೇರ ನೋಡಿದರು, ಮತ್ತೆ ಕೂಡಿಸಿದರು. ದಖ್ಖನಿನ ಬೇಸಿಗೆ ಮರವನ್ನು ಒಣಗಿಸುತ್ತದೆ, ಮಳೆಗಾಲ ಉಬ್ಬಿಸುತ್ತದೆ. ಕತ್ತಿನೊಳಗೆ ಹುದುಗಿಸಿಟ್ಟ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ಆ ಬಾಗನ್ನು ತಿದ್ದುತ್ತದೆ.

ಅದು ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್. 1954ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಹುಟ್ಟಿದ ವಿನ್ಯಾಸ. ಎಪ್ಪತ್ತು ವರ್ಷ ದಾಟಿದರೂ ಅದರ ಆಕಾರ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಗಿಟಾರ್ ಎಂದ ಕೂಡಲೇ ಮಕ್ಕಳು ಬರೆಯುವ ಚಿತ್ರದಲ್ಲೂ ಅದರದೇ ಎರಡು ಕೊಂಬು ಇಣುಕುತ್ತವೆ. ಇಷ್ಟು ಕಾಲ ಒಂದು ವಾದ್ಯ ಜನರ ಪ್ರೀತಿ ಉಳಿಸಿಕೊಂಡದ್ದು ಹೇಗೆ? ನನಗೆ ಉತ್ತರ ಸಿಕ್ಕಿದ್ದು ಆ ನಾಲ್ಕು ಸ್ಕ್ರೂಗಳಲ್ಲಿ. ಅದು ರಿಪೇರಿಯವನೊಬ್ಬ ಮಾಡಿದ ಗಿಟಾರ್.

ಲಿಯೊ ಫೆಂಡರ್ ಹುಟ್ಟಿದ್ದು 1909ರಲ್ಲಿ. ಕೆಟ್ಟುಹೋದ ರೇಡಿಯೊ ಸರಿಮಾಡುವುದು ಅವರ ಕಸುಬು. 1938ರಲ್ಲಿ ಫುಲರ್ಟನ್‌ನಲ್ಲಿ ರೇಡಿಯೊ ಅಂಗಡಿ ತೆರೆದರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆದರೆ ಆಂಪ್ಲಿಫೈಯರ್ ರಿಪೇರಿಗೆಂದು ಬರುತ್ತಿದ್ದ ವಾದಕರ ಕಷ್ಟಗಳು ಕಿವಿಗೆ ಬೀಳುತ್ತಿದ್ದವು. ಒಳಗೆ ಟೊಳ್ಳಿರುವ ಗಿಟಾರಿಗೆ ಮೈಕು ಜೋಡಿಸಿ ಧ್ವನಿ ಏರಿಸಿದರೆ, ಸ್ಪೀಕರಿನ ಸದ್ದಿಗೆ ಗಿಟಾರಿನ ಹೊಟ್ಟೆಯೇ ಅದುರಿ ಊಳಿಡುತ್ತದೆ. ಮದುವೆ ಮನೆಯ ಮೈಕು ಕಿರುಚುವುದನ್ನು ಕೇಳಿದವರಿಗೆಲ್ಲ ಈ ತೊಂದರೆ ಗೊತ್ತು. ಇದಕ್ಕೆ ಮದ್ದು ಟೊಳ್ಳನ್ನೇ ತೆಗೆದುಹಾಕುವುದು. ಹಾಗೆ 1950ರ ಹೊತ್ತಿಗೆ ಹಲಗೆಯಂಥ ಗಟ್ಟಿ ಮೈಯ ಗಿಟಾರ್ ಅವರ ಕಾರ್ಖಾನೆಯಿಂದ ಹೊರಬಂತು. ಮುಂದೆ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು.

ಅದರ ಚೂಪು ಅಂಚು ಪಕ್ಕೆಗೆ ಒತ್ತುತ್ತದೆ ಎಂದು ವಾದಕರು ದೂರಿದರು. ಬಿಲ್ ಕಾರ್ಸನ್, ರೆಕ್ಸ್ ಗಾಲಿಯನ್ ಅಂಥವರ ಮಾತನ್ನು ಫೆಂಡರ್ ಕೇಳಿಸಿಕೊಂಡರು. ಹವಾಯಿ ಮೂಲದ ಸಂಗೀತಗಾರ ಫ್ರೆಡ್ಡಿ ಟವಾರೆಸ್ ಹೊಸ ಮೈಯ ನಕ್ಷೆ ಬರೆದರು. ಹೊಟ್ಟೆ ತಾಗುವ ಕಡೆ ಹಿಂಬದಿಯನ್ನು ಕೆತ್ತಿದರು, ಮುಂಗೈ ಒರಗುವ ಕಡೆ ಇಳಿಜಾರು ಕೊಟ್ಟರು. ಎರಡು ಕೊಂಬಿನ ನಡುವೆ ಕೈ ಸಲೀಸಾಗಿ ಮೇಲಿನ ಸ್ವರಗಳಿಗೆ ಹೋಗುವ ಹಾಗಾಯಿತು. ಹೆಗಲಿಗೆ ತೂಗುಹಾಕಿಕೊಂಡರೆ ತೊಟ್ಟ ಅಂಗಿಯ ಹಾಗೆ ಮೈಗೆ ಹೊಂದುತ್ತದೆ. ರಾತ್ರಿ ನಾಲ್ಕೈದು ತಾಸು ನಿಂತು ನುಡಿಸುವವರಿಗೆ ಇದು ದೊಡ್ಡ ಉಪಕಾರ.

ತಂತಿಗಳ ಕೆಳಗೆ ಮೂರು ಪಿಕಪ್‌ಗಳಿವೆ. ಒಂದೊಂದರಲ್ಲಿ ಆರು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದೇ ಸ್ಪೀಕರಿನಲ್ಲಿ ನಾದವಾಗಿ ಕೇಳುತ್ತದೆ. ಕತ್ತಿನ ಹತ್ತಿರದ ಪಿಕಪ್ ದುಂಡಗೆ, ತುಂಬಿಕೊಂಡು ಮಾತಾಡುತ್ತದೆ. ತಂತಿಗಳನ್ನು ಹೊತ್ತ ಬ್ರಿಡ್ಜ್ ಹತ್ತಿರ ಓರೆಯಾಗಿ ಕೂತದ್ದು ಚುರುಕು, ಖಡಕ್ಕು. ಮೊದಲು ಇವುಗಳಲ್ಲಿ ಒಂದನ್ನು ಆರಿಸಲು ಮೂರು ಸ್ಥಾನದ ಸ್ವಿಚ್ ಇತ್ತು. ವಾದಕರು ಅದನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿದರು. ಎರಡು ಪಿಕಪ್ ಒಟ್ಟಿಗೆ ನುಡಿದು, ಗಾಜಿನ ಬಳೆ ತಾಗಿದಂಥ ತಿಳಿಯಾದ ದನಿ ಬಂತು. ತಯಾರಕರ ಯೋಜನೆಯಲ್ಲಿ ಅದು ಇರಲೇ ಇಲ್ಲ. 1977ರಲ್ಲಿ ಕಂಪನಿಯೇ ಐದು ಸ್ಥಾನದ ಸ್ವಿಚ್ ಕೊಟ್ಟು ವಾದಕರ ಶೋಧವನ್ನು ಒಪ್ಪಿಕೊಂಡಿತು. ಆ ಮರುವರ್ಷ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಬೆರಳ ತುದಿಯಿಂದಲೇ ಮೀಟಿ ಆ ನಡುವಿನ ದನಿಯನ್ನು ಜಗತ್ತಿಗೆಲ್ಲ ಕೇಳಿಸಿದರು. 2005ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ನುಡಿಸಿಹೋದರು.

ಇದೇ ಕಾಲದ ಇನ್ನೊಂದು ಮಹಾವಾದ್ಯ ಗಿಬ್ಸನ್ ಕಂಪನಿಯ ಲೆಸ್ ಪಾಲ್, 1952ರದು. ಮಹಾಗನಿಯ ದಪ್ಪ ಮೈ, ಮೇಲೆ ಮೇಪಲ್ ಹೊದಿಕೆ, ಅಂಟು ಹಾಕಿ ಕೂಡಿಸಿದ ಕತ್ತು. 1957ರಿಂದ ಅದಕ್ಕೆ ಸೇತ್ ಲವರ್ ರೂಪಿಸಿದ ಜೋಡಿ ಸುರುಳಿಯ ಹಂಬಕರ್ ಪಿಕಪ್ ಸೇರಿತು. ಒಂದು ಸುರುಳಿ ಹಿಡಿದ ಕರೆಂಟಿನ ಗುಂಯ್‌ಗುಡುವ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಸ್ಟ್ರಾಟೊಕಾಸ್ಟರಿನ ಒಂಟಿ ಸುರುಳಿಗೆ ಆ ರಕ್ಷಣೆ ಇಲ್ಲ. ನಮ್ಮ 50 ಹರ್ಟ್ಸ್ ಕರೆಂಟು, ಅರ್ತಿಂಗ್ ಸರಿಯಿಲ್ಲದ ಹಳೆಯ ಸಭಾಂಗಣ, ಮಂಕಾಗಿಸಿದ ದೀಪ ಎಲ್ಲವೂ ಅದರಲ್ಲಿ ಗುನುಗುತ್ತವೆ. ಆದರೂ ಆ ಒಂಟಿ ಸುರುಳಿಯೇ ಬೆರಳಿನ ಒಂದೊಂದು ಹದವನ್ನೂ ಮರೆಮಾಚದೆ ಹೇಳುತ್ತದೆ. ಮೆಲ್ಲಗೆ ಮುಟ್ಟಿದರೆ ಪಿಸುಗುಡುತ್ತದೆ, ಜೋರಾಗಿ ಮೀಟಿದರೆ ತಿರುಗಿ ಮಾತಾಡುತ್ತದೆ. ವಾದಕರು ಗುನುಗನ್ನು ಸಹಿಸಿಕೊಂಡು ಈ ಗಿಟಾರನ್ನೇ ಕೈಗೆತ್ತಿಕೊಳ್ಳುವುದು ಈ ಪ್ರಾಮಾಣಿಕತೆಗಾಗಿ.

ನಮ್ಮ ಸಂಗೀತದ ಕಿವಿಗೂ ಇದರಲ್ಲಿ ಸಿಗುವುದು ಬಹಳವಿದೆ. ಹುಡುಗ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸುವುದನ್ನು ಮೊದಲ ಸಲ ಕಂಡಾಗ ಅಕ್ಕ, ‘ಇದು ವೀಣೆಯ ಮೆಟ್ಟಿಲ ಮೇಲೆ ನಾನು ಎಳೆಯೋ ಹಾಗೇ ಇದೆಯಲ್ಲೋ’ ಎಂದು ಹತ್ತಿರ ಬಂದು ಕೂತಳು. ಬ್ರಿಡ್ಜಿನಿಂದ ಚಾಚಿಕೊಂಡ ಸಣ್ಣ ಹಿಡಿಯನ್ನು ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲವಾಗುತ್ತವೆ, ಬಿಟ್ಟರೆ ಬೆನ್ನಿನೊಳಗಿನ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುತ್ತವೆ. ಸ್ವರ ಜಾರುತ್ತದೆ, ತೂಗುತ್ತದೆ. ವಾಲ್ಯೂಮ್ ಗುಂಡಿ ಕಿರುಬೆರಳಿಗೆ ಎಟಕುವಷ್ಟು ಹತ್ತಿರವಿದೆ. ಮೀಟಿದ ಮೇಲೆ ಅದನ್ನು ಮೆಲ್ಲಗೆ ಏರಿಸಿದರೆ ಮೀಟಿನ ಏಟು ಅಡಗಿ, ಕಮಾನು ಎಳೆದ ಪಿಟೀಲಿನ ಹಾಗೆ ನಾದ ಅರಳುತ್ತದೆ. ಇಂಗ್ಲೆಂಡಿನ ಜೆಫ್ ಬೆಕ್ ಈ ವಿದ್ಯೆಯಲ್ಲಿ ದೊಡ್ಡ ಹೆಸರು. ಭಾರತೀಯ ಮೂಲದ ನಿತಿನ್ ಸಾಹ್ನಿಯವರ ‘ನಾದಿಯಾ’ವನ್ನು ಅವರು 2001ರ ತಮ್ಮ ಆಲ್ಬಮ್ಮಿನಲ್ಲಿ ನುಡಿಸಿದ್ದಾರೆ. ಹಿಂದೂಸ್ತಾನಿ ಕಂಠದ ಮೀಂಡು, ಮುರ್ಕಿ ಗಿಟಾರಿನಲ್ಲಿ ಬರಬಲ್ಲದೇ ಎಂದು ಕೇಳುವವರು ಅದನ್ನು ಒಮ್ಮೆ ಆಲಿಸಬೇಕು.

ಗಟ್ಟಿ ಮೈಯ ವಿದ್ಯುತ್ ವಾದ್ಯ ಕರ್ನಾಟಕ ಸಂಗೀತಕ್ಕೆ ಒಗ್ಗುತ್ತದೆ ಎಂದು ತೋರಿಸಿಕೊಟ್ಟವರು ತೆಲುಗು ನೆಲದಿಂದಲೇ ಬಂದರು. 1969ರಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆಯ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ಮ್ಯಾಂಡೊಲಿನ್ನಿನ ಜೋಡಿ ತಂತಿಗಳಲ್ಲಿ ಗಮಕ ಕಷ್ಟ. ಅವರು ಒಂಟಿ ತಂತಿಗಳನ್ನು ಇಟ್ಟುಕೊಂಡು ಐದನೆಯದೊಂದನ್ನು ಸೇರಿಸಿದರು. ಮೀಟಿದ ಕೂಡಲೇ ಸಾಯುತ್ತಿದ್ದ ನಾದ ವಿದ್ಯುತ್ತಿನ ಬಲದಿಂದ ಉಸಿರು ಹಿಡಿದು ನಿಂತಿತು. ವಾದ್ಯವನ್ನು ತನ್ನ ಸಂಗೀತಕ್ಕೆ ಬೇಕಾದಂತೆ ತಿದ್ದಿಕೊಳ್ಳುವ ಧೈರ್ಯ ಅವರದು. ಸ್ಟ್ರಾಟೊಕಾಸ್ಟರ್ ತನ್ನ ವಾದಕರಿಗೆ ಕೊಡುವ ಸಲಿಗೆಯೂ ಅದೇ.

ಈ ವಾದ್ಯದೊಂದಿಗೆ ನಮಗೆ ಮರದ ನಂಟೂ ಇದೆ. 1959ರಿಂದ ಸ್ಟ್ರಾಟೊಕಾಸ್ಟರಿನ ಕತ್ತಿನ ಮೇಲೆ ರೋಸ್‌ವುಡ್ ಪಟ್ಟಿ ಬಂತು. ಮೊದಲು ಬ್ರೆಜಿಲಿನ ಮರ. ಅದು ಅಪರೂಪವಾದಂತೆ ಗಿಟಾರ್ ಲೋಕ ಭಾರತದ ರೋಸ್‌ವುಡ್ಡಿನ ಕಡೆ ತಿರುಗಿತು. ನಾವು ಬೀಟೆ ಎನ್ನುವುದು ಅದನ್ನೇ. ಮಲೆನಾಡಿನ ಮನೆಗಳ ಬಾಗಿಲು, ಮೈಸೂರಿನ ಕೆತ್ತನೆ ಕುಸುರಿ ಯಾವ ಮರದ್ದೋ, ಜಗತ್ತಿನ ಎಷ್ಟೋ ವೇದಿಕೆಗಳಲ್ಲಿ ಬೆರಳುಗಳು ಓಡಾಡುವುದು ಅದೇ ಜಾತಿಯ ಮರದ ಮೇಲೆ. ಬೀಟೆ ಈಗ ಅಪಾಯದ ಅಂಚಿನ ಮರಗಳ ಪಟ್ಟಿಯಲ್ಲಿದೆ. 2017ರಿಂದ ರೋಸ್‌ವುಡ್ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಿದ್ದಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಒಂದು ಬೀಟೆ ಮರ ಬಲಿಯಲು ತಲೆಮಾರುಗಳೇ ಬೇಕು. ಹಾಗಾಗಿ ಹಳೆಯ ಕತ್ತನ್ನು ಎಸೆಯದೆ ತಿದ್ದಿ ಬಳಸುವುದು ಕಾಡಿನ ಮೇಲಿನ ಮಮತೆಯೂ ಹೌದು.

ತಿದ್ದುವುದಕ್ಕೆ ಹೈದರಾಬಾದಿನಂಥ ಊರು ಹೇಳಿಮಾಡಿಸಿದ್ದು. ಅದರ ಅವಳಿ ನಗರ ಸಿಕಂದರಾಬಾದ್ ದಂಡು ಪ್ರದೇಶವಾಗಿ ಹುಟ್ಟಿದ ಊರು. ದಂಡು, ರೈಲ್ವೆ, ಚರ್ಚುಗಳ ಜತೆಗೆ ಪಾಶ್ಚಾತ್ಯ ಸಂಗೀತವೂ ಇಲ್ಲಿ ಬೇರುಬಿಟ್ಟಿತು. ಇಲ್ಲಿನ ಲಾಲಾಗುಡ ಬಡಾವಣೆಯ ಆಂಗ್ಲೊ-ಇಂಡಿಯನ್ ಕುಟುಂಬಗಳು ಅದಕ್ಕೆ ಸಾಕ್ಷಿ. 1991ರ ಉದಾರೀಕರಣಕ್ಕೆ ಮುಂಚೆ ವಿದೇಶಿ ಗಿಟಾರ್ ಕೈಗೆ ಸಿಗುವುದೇ ದುರ್ಲಭ. ಸಿಕ್ಕ ಒಂದನ್ನು ಉಳಿಸಿಕೊಳ್ಳಲೇಬೇಕಿತ್ತು. ಇನ್ನು ಸ್ಟ್ರಾಟೊಕಾಸ್ಟರಿನ ಮುಂಭಾಗದ ಪ್ಲಾಸ್ಟಿಕ್ ಹಲಗೆ ಎತ್ತಿದರೆ ಕಾಣುವುದೇನು? ಮೂರು ಪಿಕಪ್ಪು, ಮೂರು ವಾಲ್ಯೂಮ್ ಕಂಟ್ರೋಲಿನಂಥ ಪಾಟುಗಳು, ಒಂದು ಕೆಪಾಸಿಟರು, ಒಂದು ಸ್ವಿಚ್ಚು, ನಾಲ್ಕಾರು ವೈರು. ಪಿಕಪ್ ಒಂದನ್ನು ಬಿಟ್ಟರೆ ಎಲ್ಲವೂ ರೇಡಿಯೊ ಮೆಕ್ಯಾನಿಕ್ಕಿಗೆ ಪರಿಚಿತವಾದ ಸಾಮಾನು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಕೇಳುವಂಥವು. ಫುಲರ್ಟನ್‌ನ ರೇಡಿಯೊ ಅಂಗಡಿಯವನ ಬುದ್ಧಿ ಕೋಠಿಯ ರೇಡಿಯೊ ಅಂಗಡಿಯವನಿಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಹೀಗೆ ಬಿಚ್ಚಿ ಜೋಡಿಸಿಕೊಳ್ಳುವುದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ‘ಬ್ಲ್ಯಾಕಿ’. 1970ರಲ್ಲಿ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಅವರು ಕೆಲವು ಹಳೆಯ ಸ್ಟ್ರಾಟೊಕಾಸ್ಟರ್‌ಗಳನ್ನು ಅಗ್ಗಕ್ಕೆ ಕೊಂಡರು. ಗೆಳೆಯರಾದ ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಅವರಿಗೆ ಒಂದೊಂದು ಕೊಟ್ಟರು. ಉಳಿದ ಮೂರರಿಂದ ಒಳ್ಳೊಳ್ಳೆಯ ಭಾಗಗಳನ್ನು ಆರಿಸಿ ಒಂದು ಗಿಟಾರ್ ಕಟ್ಟಿಸಿಕೊಂಡು ವರ್ಷಗಟ್ಟಲೆ ನುಡಿಸಿದರು. 2004ರಲ್ಲಿ ಅದು ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಆ ಹಣ ಅವರು ಸ್ಥಾಪಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ ಸಂದಿತು. ಎಡಗೈಯ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನೇ ತಿರುಗಿಸಿ, ತಂತಿ ಅದಲುಬದಲು ಮಾಡಿ ನುಡಿಸಿದ್ದೂ ಈ ವಾದ್ಯವನ್ನೇ.

ಮಕ್ಕಳಿಗೆ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಡಿಸುವ ತಂದೆ ತಾಯಿಗೆ ನನ್ನದೊಂದು ಮಾತು. ತಲೆಯ ಮೇಲಿನ ಹೆಸರಿಗಿಂತ ಕತ್ತು ನೇರವಿದೆಯೇ, ಫ್ರೆಟ್‌ಗಳ, ಅಂದರೆ ಮೆಟ್ಟಿಲುಗಳ, ತುದಿ ಬೆರಳಿಗೆ ಚುಚ್ಚುತ್ತದೆಯೇ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ ಬದಲಾಯಿಸಲು ಬರುತ್ತದೆ. ಆ ವಿನ್ಯಾಸದ ದೊಡ್ಡ ಗುಣವೇ ಅದು.

ಅಂದು ಸಿಕಂದರಾಬಾದಿನಲ್ಲಿ ಕತ್ತು ಕೂಡಿಸಿದ ಮೇಲೆ ರಿಪೇರಿಯವರು ಬ್ರಿಡ್ಜಿನ ಪಿಕಪ್ ಬದಲಿಸಿದರು. ಬೆಸುಗೆ ಕಡ್ಡಿಯ ತುದಿಯಲ್ಲಿ ಸೀಸ ಕರಗಿ ಸಣ್ಣ ಹೊಗೆ ಎದ್ದಿತು. ಬೀಟೆಯ ಪಟ್ಟಿಗೆ ಎಣ್ಣೆ ಒರೆಸಿದಾಗ ಬೂದಿ ಬಣ್ಣ ಹೋಗಿ ಕಪ್ಪು ನೇರಳೆಯ ಗೆರೆಗಳು ಎದ್ದು ಕಂಡವು. ಹುಡುಗ ಸ್ವಿಚ್ಚನ್ನು ಮೊದಲ ಎರಡು ಪಿಕಪ್‌ಗಳ ನಡುವೆ ಇಟ್ಟು ಒಂದು ಸ್ವರ ಎಳೆದ. ಆ ನಾದ ನಿಲ್ಲುವವರೆಗೂ ಮೂವರೂ ಸುಮ್ಮನಿದ್ದೆವು. ಹೊರಡುವಾಗ ಅವರು ತೆಗೆದ ಹಳೆಯ ಪಿಕಪ್ಪನ್ನೂ ಎರಡು ಸ್ಪ್ರಿಂಗನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವನ ಕೈಗೆ ಕೊಟ್ಟರು. ಮೆಟ್ಟಿಲಿಳಿಯುತ್ತಾ ಅವನು ಅದನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ. ‘ಇದು ಇನ್ನೊಂದು ಗಿಟಾರಿಗೆ, ಮಾಮಾ’ ಅಂದ.