ಸೌರಮಾರುತದಲ್ಲಿ ಕಾಂತದ ಮಡಿಕೆಗಳು

ಸೂರ್ಯನಿಂದ ಬೆಳಕು, ಬಿಸಿ ಮಾತ್ರವಲ್ಲ, ಒಂದು ಬಗೆಯ ಗಾಳಿಯೂ ಬೀಸುತ್ತಲೇ ಇರುತ್ತದೆ. ಅದು ಪ್ರೋಟಾನು, ಎಲೆಕ್ಟ್ರಾನುಗಳ ಪ್ರವಾಹ. ಭೂಮಿಯ ಬಳಿ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಇಂಥ ಸೌರಮಾರುತ ಇರಲೇಬೇಕೆಂದು 1958ರಲ್ಲಿ ಅಮೆರಿಕದ ಯೂಜೀನ್ ಪಾರ್ಕರ್ ಬರೆದ ಪ್ರಬಂಧವನ್ನು ಇಬ್ಬರು ಪರಿಶೀಲಕರು ತಳ್ಳಿಹಾಕಿದರು. ಪತ್ರಿಕೆಯ ಸಂಪಾದಕರಾಗಿದ್ದ, ಭಾರತ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ, ಅಚ್ಚು ಹಾಕಿಸಿದರು. ಸಂಪಾದಕರೆಂದರೆ ಹಾಗಿರಬೇಕು!

ಈ ಮಾರುತ ಸೂರ್ಯನ ಕಾಂತರೇಖೆಗಳನ್ನೂ ಎಳೆದುಕೊಂಡು ಬರುತ್ತದೆ. ಪಾರ್ಕರ್ ಹೆಸರನ್ನೇ ಹೊತ್ತು 2018ರ ಆಗಸ್ಟ್‌ನಲ್ಲಿ ಹೊರಟ ನಾಸಾ ನೌಕೆ ನವೆಂಬರ್ ಹೊತ್ತಿಗೆ ಸೂರ್ಯನಿಂದ ಸುಮಾರು ಎರಡೂವರೆ ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅದರ ಕಾಂತಮಾಪಕ ಒಂದು ವಿಚಿತ್ರವನ್ನು ದಾಖಲಿಸಿತು. ಒಂದೇ ದಿಕ್ಕಿಗಿದ್ದ ಕಾಂತಕ್ಷೇತ್ರ ಥಟ್ಟನೆ ಹಿಂದುಮುಂದಾಗುವುದು, ಕೆಲವು ಸೆಕೆಂಡುಗಳೋ ನಿಮಿಷಗಳೋ ಹಾಗೇ ಇದ್ದು ಮತ್ತೆ ಮೊದಲಿನಂತಾಗುವುದು. ಹಿಂದಿನ ನೌಕೆಗಳೂ ಇದನ್ನು ಅಪರೂಪಕ್ಕೆ ಕಂಡಿದ್ದವು. ಇಲ್ಲಿ ಸಾಲುಸಾಲು!

ನೌಕೆ ವಿರುದ್ಧ ದಿಕ್ಕಿನ ಬೇರೊಂದು ಕಾಂತರೇಖೆಗೆ ದಾಟಿತ್ತೇ? ಉತ್ತರ ಹೇಳಿದ್ದು ಎಲೆಕ್ಟ್ರಾನುಗಳು. ಸೂರ್ಯನಿಂದ ಹೊರಟ ಚುರುಕು ಎಲೆಕ್ಟ್ರಾನುಗಳು ಕಾಂತರೇಖೆಯ ಗುಂಟವೇ ಸಾಗುತ್ತವೆ. ಬೇರೆ ರೇಖೆಯಾಗಿದ್ದರೆ ಅಲ್ಲಿಯೂ ಅವು ಸೂರ್ಯನಿಂದ ದೂರಕ್ಕೇ ಹರಿಯಬೇಕಿತ್ತು. ಆದರೆ ಕ್ಷೇತ್ರದ ಜೊತೆಗೇ ಅವೂ ತಿರುಗಿ ಸೂರ್ಯನತ್ತ ಮುಖ ಮಾಡಿದ್ದವು. ಅಂದರೆ ರೇಖೆ ಅದೇ, ಮಡಚಿಕೊಂಡಿದೆ. ಉಡುಪಿಗೆ ಹೊರಟ ಬಸ್ಸು ಆಗುಂಬೆ ಘಾಟಿಯ ತಿರುವಿನಲ್ಲಿ ಒಂದು ಕ್ಷಣ ತೀರ್ಥಹಳ್ಳಿಯ ಕಡೆಗೇ ಮುಖ ಮಾಡುವುದಿಲ್ಲವೇ, ಹಾಗೆ.

ಈ ಮಡಿಕೆಗಳು ಹುಟ್ಟುವುದೆಲ್ಲಿ? ಸೂರ್ಯನ ಮೇಲ್ಮೈ ಬಳಿ ಕಾಂತರೇಖೆಗಳು ಕಡಿದು ಮರುಜೋಡಣೆಯಾಗುವಾಗ ಎನ್ನುವವರಿದ್ದಾರೆ. ಮಾರುತವೇ ದಾರಿಯಲ್ಲಿ ಹೆಣೆಯುತ್ತದೆ ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವಾಗ ಅದರ ಹೊರಗಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುವುದೇಕೆ ಎಂಬ ಹಳೆಯ ಒಗಟಿಗೂ ಇಲ್ಲಿ ಸುಳಿವು ಸಿಕ್ಕೀತೆಂಬ ಆಸೆ ವಿಜ್ಞಾನಿಗಳಿಗೆ.

ಕಾಂತಕ್ಷೇತ್ರ ಯಾವ ದಿಕ್ಕಿಗಿದೆ ಎಂಬುದು ಭೂಮಿಗೂ ಮುಖ್ಯ. ಅದು ದಕ್ಷಿಣಕ್ಕೆ ತಿರುಗಿ ಬಹುಹೊತ್ತು ನಿಂತರೆ ಭೂಮಿಯ ಕಾಂತಕವಚದೊಳಕ್ಕೆ ಸೌರಮಾರುತದ ಶಕ್ತಿ ನುಗ್ಗುತ್ತದೆ. 1989ರ ಮಾರ್ಚ್‌ನಲ್ಲಿ ಇಂಥದೇ ಕಾಂತಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿಟ್ಟಿತ್ತು.

ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ, 2024ರ ಜನವರಿಯಲ್ಲಿ ನೆಲೆ ನಿಂತ ನಮ್ಮ ಆದಿತ್ಯ ಎಲ್1 ನೌಕೆಯಲ್ಲೂ ಕಾಂತಮಾಪಕವಿದೆ. ಅದನ್ನು ತಯಾರಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಅಳೆಯಬೇಕಾದ ಕ್ಷೇತ್ರವೋ ತೀರಾ ದುರ್ಬಲ, ನೆಲದ ಮೇಲಿನದರ ಸಾವಿರಾರು ಪಾಲಿನಲ್ಲೊಂದು. ನೌಕೆಯ ಸ್ವಂತ ಕಾಂತತೆ ಅದನ್ನು ಕೆಡಿಸಬಾರದೆಂದು ಸಂವೇದಕಗಳನ್ನು ಆರು ಮೀಟರ್ ಉದ್ದದ ತೋಳಿನ ಮೇಲಿಟ್ಟಿದ್ದಾರೆ. ಆದಿತ್ಯನನ್ನು ದಾಟಿದ ಮಾರುತ ಭೂಮಿಯನ್ನು ಮುಟ್ಟಲು ಸುಮಾರು ಒಂದು ಗಂಟೆ ಬೇಕು. ಎಚ್ಚರಿಕೆಗೆ ಸಿಗುವ ಸಮಯವೂ ಅಷ್ಟೇ.